ಗೇರು ಹುಡುಕುವ ಕೈ

ಸಂತೆಕಟ್ಟೆಯಿಂದ ತಮ್ಮನ ಮಾರುತಿ ಕಾರಿನಲ್ಲಿ ಹೊರಟಾಗ ನನ್ನ ಕಣ್ಣು ಗಂಡನ ಬಲಗೈ ಮೇಲೆಯೇ ಇತ್ತು. ಆಗ ಇವರು ಬಹ್ರೈನ್‌ನಲ್ಲಿ ಡ್ರೈವರ್. ಅಲ್ಲಿ ಗೇರು ಬಲಕ್ಕೆ, ಇಲ್ಲಿ ಎಡಕ್ಕೆ. ರಜೆಯಲ್ಲಿ ಊರಿಗೆ ಬಂದ ಹೊಸದರಲ್ಲಿ ಗೇರು ಹಾಕಲು ಹೋದ ಬಲಗೈ ಬಾಗಿಲಿಗೆ ಬಡಿಯುತ್ತಿತ್ತು. ನಾನು ನಗುತ್ತಿದ್ದೆ.

ಅಂದು ಕಾಪುವಿನ ಲೈಟ್‌ಹೌಸ್ ಬಂಡೆಯ ಮೇಲೆ ತುಂಬಾ ಹೊತ್ತು ಕೂತು, ಬೊಂಡದ ಎಳನೀರು ಕುಡಿದು, ಸಮುದ್ರದ ಬದಿಯ ದಾರಿಯಲ್ಲೇ ನಿಧಾನವಾಗಿ ಪಡುಬಿದ್ರಿ ಮುಟ್ಟಿದೆವು. ಒಂದು ಸಲವೂ ಕೈ ಬಾಗಿಲಿಗೆ ತಾಗಲಿಲ್ಲ.

"ಕೈಗೆ ಅಭ್ಯಾಸ ಆಯಿತು, ನೋಡಿದೆಯಾ?" ಎಂದರು ಖುಷಿಯಲ್ಲಿ.

ಅಭ್ಯಾಸ ಆಗುವಷ್ಟರಲ್ಲಿ ಯಾವಾಗಲೂ ರಜೆ ಮುಗಿದಿರುತ್ತಿತ್ತು.

"ಹಿಂದೆ ಹೋಗುವಾಗ ಕಾಪುವಿನಲ್ಲಿ ಇನ್ನೊಮ್ಮೆ ಕೂರುವ, ಅಲ್ವಾ?" ಎಂದೆ.

ಅವರು ಎಡಗೈಯಲ್ಲಿ ಸಲೀಸಾಗಿ ಗೇರು ಹಾಕಿ ಕಾರು ತಿರುಗಿಸಿದರು.