ರೊಟ್ಟಿ ಬಡಿಯುವ ಸದ್ದು

ರಾತ್ರಿ ಏನು ಅಡುಗೆ ಮಾಡಲಿ ಎಂಬುದು ಬೇರೆಯವರ ಮನೆಯಲ್ಲಿ ಹೊಟ್ಟೆಯ ಪ್ರಶ್ನೆ. ಬೆಟಗೇರಿಯ ನಮ್ಮ ಮನೆಯಲ್ಲಿ ಅದು ಮಕ್ಕಳ ಕೆನ್ನೆಯ ಪ್ರಶ್ನೆಯಾಗಿತ್ತು. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ತಟ್ಟೆಯಲ್ಲಿದ್ದದ್ದನ್ನು ಉಂಡರೆ ಸರಿ, ಇಲ್ಲದಿದ್ದರೆ ಅವರಪ್ಪನ ಕೈ ಏಳುತ್ತಿತ್ತು. "ಉಣ್ತಿಯೋ, ಬಡೀಲ್ಯೋ?" ಎಂದು ಒಂದೇ ಸಲ ಕೇಳುವುದು, ಆಮೇಲೆ ಫಟಾರನೆ ಒಂದು. ದಿನವಿಡೀ ಮಗ್ಗದ ಗದ್ದಲದಲ್ಲಿ ನಿಂತು ಬಂದವನಿಗೆ ಹಸಿವಿರುತ್ತದೆ, ಒಪ್ಪಿದೆ. ಹಸಿದವನು ಉಣ್ಣಲಿ. ಕೂಸಿನ ಕೆನ್ನೆ ಊದಿಸಿದರೆ ಅವನ ಹೊಟ್ಟೆ ತುಂಬುತ್ತದೆಯೇ?

ಹಾಗಾಗಿ ಬೆಳಗಿನ ಚಹಾ ಕುಡಿಯುವಾಗಲೇ ನನ್ನ ತಲೆಯಲ್ಲಿ ರಾತ್ರಿಯ ಊಟ ಓಡುತ್ತಿತ್ತು. ನಿನ್ನೆ ಬದನೆಕಾಯಿ ಉಗುಳಿದರು, ಇವತ್ತು ಹೆಸರುಕಾಳಿನ ಪಲ್ಯಕ್ಕೆ ಚೂರು ಬೆಲ್ಲ ಹಾಕೋಣ. ಮೆಂತ್ಯದ ಸೊಪ್ಪನ್ನು ತಾಲಿಪಟ್ಟಿನೊಳಗೆ ಅಡಗಿಸೋಣ. ಗಜ್ಜರಿ ತುರಿದು ಚಪಾತಿ ಹಿಟ್ಟಿಗೆ ಕಲಸಿದರೆ ಬಣ್ಣ ನೋಡಿಯಾದರೂ ತಿಂದಾರು. ಅನ್ನ, ನುಚ್ಚು, ಚಪಾತಿ ಇದ್ದ ದಿನ ಮಗಳು ಹೇಗೋ ಉಣ್ಣುತ್ತಿದ್ದಳು. ಜೋಳದ ರೊಟ್ಟಿ ಮಾಡಿದ ದಿನ ಮಾತ್ರ ತುತ್ತನ್ನು ಕೆನ್ನೆಯೊಳಗಿಟ್ಟುಕೊಂಡು ಕಲ್ಲಿನಂತೆ ಕೂತುಬಿಡುತ್ತಿದ್ದಳು. ರೊಟ್ಟಿಗೆ ಬೆಣ್ಣೆ ಸವರಿದೆ, ಶೇಂಗಾ ಚಟ್ನಿ ಉದುರಿಸಿದೆ, ಹಾಲಲ್ಲಿ ಮುರಿದು ಹಾಕಿದೆ. ಊಹೂಂ. ಅವರಪ್ಪನಿಗೋ ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ.

ಒಂದು ಸಂಜೆ ರೊಟ್ಟಿ ಮಾಡುತ್ತಿದ್ದೆ. ಪಡಸಾಲೆಯಿಂದ ಅತ್ತೆ ಕೂಗಿದರು: "ಅವ ಬಂದಾನ ನೋಡವಾ, ಜಲ್ದಿ ಬಡಿ!"

ಮಗಳು ಓಡಿ ಬಂದು ನನ್ನ ಬೆನ್ನಿಗೆ ಅಂಟಿಕೊಂಡಳು. "ಬಡೀಬ್ಯಾಡವ್ವಾ, ಬಡೀಬ್ಯಾಡ. ನಾ ಉಣ್ತೀನಿ."

ಹಿಟ್ಟಿನ ಮೇಲೆ ನನ್ನ ಕೈ ನಿಂತಿತು. ನಮ್ಮ ಕಡೆ ರೊಟ್ಟಿ ತಟ್ಟುವುದಕ್ಕೂ ಬಡಿಯುವುದು ಎನ್ನುತ್ತೇವೆ, ಮಕ್ಕಳನ್ನು ಹೊಡೆಯುವುದಕ್ಕೂ ಬಡಿಯುವುದೇ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ಈ ಕೂಸು ತನ್ನ ಸರದಿ ಬಂತೆಂದು ಕಾಯುತ್ತಿತ್ತು. ನಾನೋ ರುಚಿ ಬದಲಿಸುತ್ತ ಕೂತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತು ಊಟಕ್ಕೆ ಕೂತಾಗ ಮಗನ ಕೈಜಾರಿ ಬೇಳೆಸಾರು ಚೆಲ್ಲಿತು. ಅವರಪ್ಪ ತಟ್ಟೆಯನ್ನು ಕಾಲಿಂದ ಒದ್ದ. ಅದು ಗೋಡೆಗೆ ಬಡಿದು ಖಣ್ಣೆಂದಿತು. ಹುಡುಗನ ಬಾಯಿಗೆ ಹೊಡೆದ, ತುಟಿ ಒಡೆದು ರಕ್ತ ರೊಟ್ಟಿಯ ಮೇಲೆ ಬಿತ್ತು. ಆಮೇಲೆ ಮಗಳ ಕಡೆ ತಿರುಗಿ ಕೈ ಎತ್ತಿದ. ನನಗೆ ಸಿಕ್ಕಿದ್ದು ಲಟ್ಟಣಿಗೆ. ಅವನ ಮಣಿಕಟ್ಟಿನ ಮೇಲೆ ಬೀಸಿ ಹೊಡೆದೆ. ಅವನು ಚೀರಿದ. ನಿಜ ಹೇಳುತ್ತೇನೆ, ನನಗೆ ಹಿತವೆನಿಸಿತು.

"ಗಂಡನ ಮ್ಯಾಲೆ ಕೈ ಮಾಡ್ತಿಯೇನ? ನಿನ್ನ ಕೈ ಸೇದಿ ಹೋಗ್ಲಿ!" ಎಂದರು ಅತ್ತೆ.

"ಹೋಗ್ಲಿ ಬಿಡ್ರಿ ಅತ್ತಿ. ಹೋಗೂದ್ರಾಗ ಇನ್ನೆರಡು ಹಾಕ್ತೀನಿ" ಎಂದೆ. ಆಮೇಲೆ ಅವನಿಗೆ, "ಇನ್ನ ಈ ಮನ್ಯಾಗ ಬಡಿಯೂದು ರೊಟ್ಟಿ ಅಷ್ಟ. ತಿಳೀತಿಲ್ಲೋ?" ಎಂದೆ.

ಮರುದಿನ ಸಂಜೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಂಬೆಗಾತ್ರದ ಹಿಟ್ಟು ಕೊಟ್ಟೆ. "ತಗೋ, ನೀನ ಬಡಿ."

ಅವಳು ಹಿಟ್ಟನ್ನು ನೋಡಿದಳು. "ಇದಕ್ಕ ನೋವಾಗಂಗಿಲ್ಲಲ್ಲವ್ವಾ?"

"ಇಲ್ಲವ್ವಾ."

ಮೊದಲು ಬೆರಳಿಂದ ಮುಟ್ಟಿದಳು. ಆಮೇಲೆ ಒಂದೇಟು, ಇನ್ನೊಂದೇಟು. ಪಡಸಾಲೆಯಲ್ಲಿ ಊದಿದ ಕೈ ಹಿಡಿದು ಕೂತಿದ್ದ ಅಪ್ಪನನ್ನೇ ನೆಟ್ಟ ಕಣ್ಣಿಂದ ನೋಡುತ್ತ, ಹಲ್ಲು ಕಚ್ಚಿ, ಹಿಟ್ಟು ಹರಿದು ಹೋಗುವವರೆಗೂ ಬಡಿದಳು. ನಾನು ತಡೆಯಲಿಲ್ಲ. ಆ ಹರಕು ರೊಟ್ಟಿಯನ್ನು ಬೇಯಿಸಿ ಕೊಟ್ಟೆ. ಅವಳು ಪೂರ್ತಿ ತಿಂದು, ಇನ್ನೊಂದು ಕೇಳಿದಳು.