ಮೂರನೇ ಗೇರ್ ಕಾಣದ ರಿವರ್ಸ್ ಮಾಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ಸರಿಸುವ ಕೆಲಸದ ಮಾಮ ಹಳೆಯ ಕಾರಿನ ಮೈಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬರುತ್ತಾರೆ. ಗೀರಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕೂತು ಚೋಕ್ ಎಳೆದು ಅದನ್ನು ಎಬ್ಬಿಸುತ್ತಾರೆ. ಸ್ಟೀರಿಂಗ್ ತಿರುಗಿಸಲು ಭುಜದ ಬಲವೆಲ್ಲ ಬೇಕು. ಅದು ಸರಿದರೆ ಮಾತ್ರ ಹಿಂದಿನ ಹೊಸ ಕಾರಿಗೆ ದಾರಿ. ಆ ಹೊಸದೋ, ರೇಸಿಗೆಂದೇ ಹುಟ್ಟಿದಂಥದ್ದು. ಮೇಲೆ ರಸ್ತೆಗೆ ಹತ್ತುವ ಇಳಿಜಾರಿನ ಉಬ್ಬಿಗೆ ಹೊಟ್ಟೆ ತಾಗದಂತೆ ಅದಕ್ಕೆ ಹಲಗೆ ಹಾಸಬೇಕು.

"ಹಳೇದನ್ನ ಬೇಡ್ಕೋಬೇಕು, ಹೊಸದನ್ನ ಹಿಡ್ಕೋಬೇಕು," ಎನ್ನುತ್ತಾರೆ.

ಕಟ್ಟಡದ ಮಕ್ಕಳ ಬಾಯಲ್ಲಿ ಇವರು ರಿವರ್ಸ್ ಮಾಮ. ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಲ್ಲುವ ಈ ಜಾಗದಲ್ಲಿ ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ಮಾಡುವುದೇ ಕಸುಬು. ಹೊಗೆ ಕುಡಿದು ಕೆಮ್ಮು ಅಂಟಿದೆ. ಹಿಂದೊಮ್ಮೆ ಯಾರದೋ ಕಾರಿನ ಹಳೆಯ ಗೀರನ್ನು ಇವರ ತಲೆಗೆ ಕಟ್ಟಿದ್ದರು; ಬೆರಳಾಡಿಸುವ ಅಭ್ಯಾಸ ಅಂದಿನಿಂದ. ತಮಾಷೆಯೆಂದರೆ, ಎಂತೆಂಥ ಕಾರುಗಳಲ್ಲೋ ಕೂತ ಈ ಮನುಷ್ಯ ಎರಡನೇ ಗೇರ್ ದಾಟಿದವರಲ್ಲ. ಲೈಸೆನ್ಸ್ ಏನೋ ಇದೆ, ಪೆಟ್ಟಿಗೆಯಲ್ಲಿ ನಿದ್ದೆ ಹೊಡೆಯುತ್ತಿದೆ.

ಈಗ ಪೇಚಾಟ ಶುರುವಾಗಿದೆ. ಮನೆಗೊಂದೇ ಕಾರು ಎಂದು ಕಟ್ಟಡದವರು ತೀರ್ಮಾನಿಸಿದ್ದಾರೆ. ಹಳೆಯದು ಹಲ್ಲಿನ ಡಾಕ್ಟರಮ್ಮನದು, ಹೊಸದು ಅವರ ಮಗಳದು. ಇಬ್ಬರೂ ಪಟ್ಟು ಬಿಡದೆ, ಕೊನೆಗೆ ಪಂಚಾಯಿತಿ ತಂದದ್ದು ಮಾಮನ ತಲೆಗೆ. ಎರಡನ್ನೂ ದಿನಾ ಓಡಿಸುವವನು ನೀನೊಬ್ಬನೇ, ನೀನು ಹೇಳಿದ್ದು ಉಳಿಯಲಿ ಎಂದರಂತೆ ಡಾಕ್ಟರಮ್ಮ. ಹಳೆಯದೆಂದರೆ ಮಾಮನಿಗೆ ಪ್ರಾಣ, ಈ ಕೆಲಸ ಕಲಿತದ್ದೇ ಅದರಲ್ಲಿ. ಆದರೆ ರಸ್ತೆಯ ಮೇಲೆ ಯಾವುದರ ಗುಣ ಏನೆಂದು ಇವರಿಗೆಲ್ಲಿ ಗೊತ್ತು?

"ಅಮ್ಮ ಮಗಳ ಜಗಳದಲ್ಲಿ ನೀವು ಬಡವಾಗ್ಬೇಡಿ," ಎಂದು ಮಾಮನ ಹೆಂಡತಿ ಎಚ್ಚರಿಸಿದ್ದಾರೆ.

ಕಡೆಗೆ ಕಳೆದ ಭಾನುವಾರ ತಾಯಿ ಮಗಳು ಸರದಿಯ ಮೇಲೆ ತಂತಮ್ಮ ಕಾರಿನಲ್ಲಿ ಪಕ್ಕಕ್ಕೆ ಕೂತು, ಮಾಮನ ಕೈಗೆ ಸ್ಟೀರಿಂಗ್ ಕೊಟ್ಟು ರಸ್ತೆಗೆ ಕರೆದೊಯ್ದರು. ಹಳೆಯದರಲ್ಲಿ ಮೂರನೇ ಗೇರ್ ಬಿದ್ದಾಗ ಮಾಮ ಮಗುವಿನಂತೆ ನಕ್ಕರಂತೆ. ಅಷ್ಟರಲ್ಲಿ ತಿರುವಿನಲ್ಲಿ ಅಡ್ಡ ಬಂತು ಒಂದು ಸ್ಕೂಟರ್. ಬ್ರೇಕಿನ ಮೇಲೆ ಎದ್ದು ನಿಂತರೂ ಕಾರು ಜಾರುತ್ತಲೇ ಹೋಗಿ, ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ಹೊಸದನ್ನು ತೆಗೆದಾಗ, ಅದೇ ತಿರುವಿನಲ್ಲಿ ಬೇಕೆಂದೇ ಬ್ರೇಕ್ ಒತ್ತಿ ನೋಡಿದರು. ಗಕ್ಕನೆ ನಿಂತಿತು.

ಇನ್ನು ತೀರ್ಪು ಹೇಳಬೇಕು. ನಿಜ ಹೇಳಿದರೆ ಪ್ರೀತಿಯ ಕಾರು ಹೋಗುತ್ತದೆ. ಸುಳ್ಳು ಹೇಳಿದರೆ ಅದನ್ನು ಓಡಿಸುವವರು ವಯಸ್ಸಾಗಿ ಕೈಕಾಲು ನಿಧಾನವಾದ ಡಾಕ್ಟರಮ್ಮ. ಮೂರನೆಯ ದಿನ ಅವರ ಬಾಗಿಲಿಗೆ ಹೋಗಿ, ತಲೆ ತಗ್ಗಿಸಿಕೊಂಡೇ ಹೇಳಿದರು:

"ಹೊಸದೇ ಇರ್ಲಿ ಅಮ್ಮ. ಓಡತ್ತೆ ಅಂತಲ್ಲ, ನಿಲ್ಲತ್ತೆ ಅಂತ."

ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಒಳಗೆ ಹೋದರಂತೆ. ಸರಿ ಮಾಡಿದೆನೋ ದ್ರೋಹ ಮಾಡಿದೆನೋ ಎಂಬುದು ಮಾಮನಿಗೆ ಇವತ್ತಿಗೂ ಬಗೆಹರಿದಿಲ್ಲ. ಹಳೆಯ ಕಾರನ್ನು ಕೊಂಡವರು ನಾಳೆ ಬರುತ್ತಾರೆ.

"ಇಳಿಜಾರು ಮಾತ್ರ ನಾನೇ ಹತ್ತಿಸ್ತೀನಿ," ಎನ್ನುತ್ತ ಮಾಮ ಅದರ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾರೆ. "ಮೇಲೆ ಹೋದ್ಮೇಲೆ ಅವರೂ ಬೆರಳಾಡಿಸಿ ನೋಡ್ಕೊಳ್ಳಲಿ. ಒಂದು ಗೀರೂ ಸಿಗಲ್ಲ."