ಟಕಟಕ ಎಂದ ಫರ್ಸಿ

ಕಲ್ಲಿನ ವಿಷಯದಲ್ಲಿ ಅಂಬರಾಯ ಕಾಕಾನ ಕಿವಿ ಹೇಳಿದ್ದೇ ಕೊನೆಯ ಮಾತು. ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಎಬ್ಬಿಸುವ ನಮಗೆಲ್ಲ ಅವನೇ ಹಿರಿಯ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಖಣ್ ಎಂದರೆ ಒಳ್ಳೆಯ ಕಲ್ಲು, ಬದ್ ಎಂದರೆ ಒಳಗೆ ಬಿರುಕು. ಮಾತಾಡುವ ಕಲ್ಲು ಮೋಸ ಮಾಡುವುದಿಲ್ಲ ಎಂದು ನಂಬಿದ್ದ. ಆ ನಂಬಿಕೆಯೇ ಅವನ ನಿದ್ದೆ ಕೆಡಿಸಿತು.

೧೯೫೪ರ ಬೇಸಿಗೆಯಲ್ಲಿ ಒಬ್ಬ ಸರ್ವೇ ಸಾಹೇಬ ಯಂತ್ರದ ಪೆಟ್ಟಿಗೆ ಹೊತ್ತು ಖಣಿಗೆ ಬಂದ. ಬೇರೆ ಕಲ್ಲಿನ ಮೇಲೆ ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತಿದ್ದ ಯಂತ್ರ ಮೂಲೆಯ ಕರಿ ಪದರದ ಮೇಲೆ ಬಿಡದೆ ಟಕಟಕ ಎಂದಿತು. ಸಾಹೇಬ ಹಿಗ್ಗಿದ. "ಇದರಲ್ಲಿ ಅಣುಶಕ್ತಿ ಇದೆ. ಬೇಕಾದಷ್ಟು ಸಿಕ್ಕರೆ ಕಲ್ಲಿದ್ದಲೇ ಬೇಡ, ಊರೂರಿಗೂ ವಿದ್ಯುತ್ ದೀಪ" ಎಂದು ಹೇಳಿ, ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

ಯಂತ್ರ ತನ್ನ ಕಲ್ಲನ್ನು ಹೊಗಳಿತು ಎಂದೇ ಕಾಕಾ ತಿಳಿದ. ಚೊಚ್ಚಲ ಹೆರಿಗೆಗೆ ಬರಲಿದ್ದ ಮಗಳು ಬಸ್ಸಮ್ಮನ ಕೋಣೆಗೆ ಅದೇ ಕರಿ ಫರ್ಸಿ ಹಾಸಿದ.

ಅವಳು ಬಂದ ಮೇಲೆ ಒಂದು ದಿನ ಗುರುಲಿಂಗಯ್ಯ ಮಾಸ್ತರರು ಚಾವಡಿಯಲ್ಲಿ ಪತ್ರಿಕೆ ಓದಿದರು. ಅಣುಬಾಂಬಿನ ಬೂದಿ ಬಿದ್ದು ಜಪಾನಿನ ಮೀನುಗಾರರು ಹಾಸಿಗೆ ಹಿಡಿದಿದ್ದರಂತೆ. ಮೀನುಗಾರರು ಎಂದದ್ದೇ ತಡ, ಕಾಕಾ ನೆಟ್ಟಗೆ ಕುಳಿತ. ಅವನಪ್ಪ ಕಾಗಿಣಾ ಹೊಳೆಯಲ್ಲಿ ಬಲೆ ಬೀಸಿದವನು.

"ಮಾಸ್ತರ್ರ, ದೀಪದ ಅಣುನೂ ಈ ಬೂದಿ ಅಣುನೂ ಒಂದೇ ಏನ್ರಿ?"

"ಮೂಲ ಒಂದೇ ಅಂತಾರಪ. ಒಲಿಯಾಗ ಇರೋದೂ ಬೆಂಕಿನೇ, ಬಣವಿ ಸುಡೋದೂ ಬೆಂಕಿನೇ."

"ಹಂಗಾದ್ರ ನನ್ನ ಮನ್ಯಾಗ ಹಾಸಿದ್ದು ಒಲಿಯೋ, ಬಣವಿ ಸುಡೋದೋ?"

"ಅದು ನನಗ ಗೊತ್ತಿಲ್ಲಪ" ಎಂದರು ಮಾಸ್ತರರು. ಹಾಗೆ ಒಪ್ಪಿಕೊಂಡವರು ಅವರೊಬ್ಬರೇ, ಅದಕ್ಕೇ ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾಕಾ ಕೇಳಹೋದರೆ ಡಾಕ್ಟರು ಕಚೇರಿಯ ಕಡೆ ಕೈ ತೋರಿಸಿದರು, ಕಚೇರಿಯವರು ಸರ್ವೇದವರ ಕಡೆ. ಮನೆಯಲ್ಲಿ ಹೆಂಡತಿ ಯಂಕಮ್ಮನದು ಒಂದೇ ಹಟ: "ಮೊದಲ ಅದನ್ನ ಕಿತ್ತಿ ಒಗಿ."

"ಅದೇ ಕಲ್ಲಿನಿಂದ ನಾಳಿ ಕೂಸಿಗಿ ಓದಲಿಕ್ಕ ದೀಪ ಬಂದ್ರ?" ಎನ್ನುತ್ತಿದ್ದ ಕಾಕಾ. ಅತ್ತ ದರಿ, ಇತ್ತ ಪುಲಿ.

ಮಳೆಗಾಲ ಮುಗಿದ ಮೇಲೆ ಸಾಹೇಬ ಮತ್ತೆ ಬಂದ. ಕಾಕಾ ಅವನನ್ನು ಸೀದಾ ಕೋಣೆಗೆ ಕರೆತಂದ. ಯಂತ್ರ ಅಲ್ಲೂ ಟಕಟಕ ಎಂದಿತು.

"ಪರೀಕ್ಷೆ ಆಯಿತು ಅಂಬರಾಯ. ಅಂಶ ತೀರಾ ಕಡಿಮೆ, ದೀಪಕ್ಕೆ ಸಾಲದು."

"ದೀಪ ಹಾಳಾಗಿ ಹೋಗ್ಲಿ ಸಾಹೇಬ್ರ. ಕೂಸಿಗಿ ತ್ರಾಸ ಕೊಡಲಿಕ್ಕ ಸಾಲತದೋ ಇಲ್ಲೋ, ಅದು ಹೇಳ್ರಿ."

"ಏನೂ ಆಗಲಾರದು."

"ನಿಮ್ಮ ಮಗಳಿಗಿ ಇದರ ಮ್ಯಾಲ ಮಲಗಸ್ತೀರೇನು?"

ಸಾಹೇಬ ಪೆಟ್ಟಿಗೆಯ ಪಟ್ಟಿ ಬಿಗಿದ. "ಕಲ್ಲು ಹುಡುಕುವುದಷ್ಟೇ ನನ್ನ ಕೆಲಸ" ಎಂದು ಹೊರಟುಹೋದ.

ಕಾಕಾ ಹಾರೆ ಎತ್ತಿಕೊಂಡ. ಫರ್ಸಿ ಕೀಳಲು ನಾವೂ ಕೈಹಚ್ಚಿದೆವು. ಬಸ್ಸಮ್ಮ ಸಗಣಿ ಸಾರಿಸಿದ ನೆಲದ ಮೇಲೆ, ಚಿಮಣಿ ಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಹೆತ್ತಳು. ಕೂಸು ಗಟ್ಟಿಮುಟ್ಟಾಗಿದೆ.

ಫರ್ಸಿಗಳು ಹಿತ್ತಲ ಗೋಡೆಗೆ ಒರಗಿ ನಿಂತಿವೆ. ಮಾರಿದರೆ ಇನ್ನೊಬ್ಬರ ಮಗಳು ಅವುಗಳ ಮೇಲೆ ಮಲಗುತ್ತಾಳೆ. ಒಡೆಯಲು ಕಾಕಾನಿಗೆ ಕೈ ಬಾರದು. ಆಗಾಗ ಹೋಗಿ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾನೆ. ಹಾಳಾದದ್ದು, ಇವತ್ತಿಗೂ ಖಣ್ ಎನ್ನುತ್ತದೆ.